ಮೂರು ಗುಂಡಿಗಳ ಸಂಕಲನಕಾರ

ಪರೀಕ್ಷೆ ಹತ್ತಿರವಿರುವಾಗ ಮಗ ಮೊಬೈಲ್ ಹಿಡಿದು ಯಾವುದೋ ಹಾಡಿಗೆ ದೃಶ್ಯಗಳನ್ನು ಕತ್ತರಿಸಿ ಅಂಟಿಸುತ್ತ ಕೂತರೆ ಅಪ್ಪನಿಗೆ ಸಿಟ್ಟು ಬರದೆ ಇರುತ್ತದೆಯೆ? ಇದೇ ಕೆಲಸವನ್ನು ಹಿಂದೊಮ್ಮೆ ಆಟವೆಂದು ಮಾರಲು ಹೊರಟವರಿದ್ದರು. ಅವರ ಕಥೆ ತುಸು ಕೇಳಿ.

1992ರಲ್ಲಿ ಸೇಗಾ ಕಂಪನಿ ತನ್ನ ವಿಡಿಯೊ ಗೇಮ್ ಯಂತ್ರಕ್ಕೆ ಜೋಡಿಸುವ 'ಸೇಗಾ ಸಿ.ಡಿ.' ಎಂಬ ಉಪಕರಣವನ್ನು ಅಮೆರಿಕದ ಅಂಗಡಿಗಳಿಗೆ ತಂದಿತು. ಬೆಲೆ 299 ಡಾಲರ್. ಅದಕ್ಕಾಗಿ ಡಿಜಿಟಲ್ ಪಿಕ್ಚರ್ಸ್ ಎಂಬ ಸಂಸ್ಥೆ 'ಮೇಕ್ ಮೈ ವಿಡಿಯೊ' ಎಂಬ ಆಟಗಳನ್ನು ತಯಾರಿಸಿತು. ಒಂದೊಂದು ಗಾಯಕರ ತಂಡಕ್ಕೆ ಒಂದೊಂದು ಆಟ. ಪ್ಯಾಂಟು, ಅಂಗಿಗಳನ್ನು ಹಿಂದುಮುಂದಾಗಿ ತೊಟ್ಟು 'ಜಂಪ್' ಹಾಡಿನಿಂದ ಆ ವರ್ಷ ಮನೆಮಾತಾಗಿದ್ದ 'ಕ್ರಿಸ್ ಕ್ರಾಸ್' ಎಂಬ ಅಟ್ಲಾಂಟಾದ ಹುಡುಗರಿಬ್ಬರಿಗೂ ಒಂದು. ಮಾರ್ಕಿ ಮಾರ್ಕ್ ಎಂಬವನಿಗೆ ಇನ್ನೊಂದು. (ಈತನೇ ಮುಂದೆ ಹಾಲಿವುಡ್ ನಟ ಮಾರ್ಕ್ ವಾಲ್‌ಬರ್ಗ್ ಆದದ್ದು!)

ಹಾಡು ಶುರುವಾಗುತ್ತದೆ. ಪರದೆಯ ಮೇಲೆ ಮೂರು ಪುಟ್ಟ ಚೌಕಗಳಲ್ಲಿ ಮೂರು ದೃಶ್ಯಮಾಲೆಗಳು ಒಟ್ಟಿಗೇ ಓಡುತ್ತವೆ. ಕೈಯಲ್ಲಿ ಎ, ಬಿ, ಸಿ ಎಂಬ ಮೂರು ಗುಂಡಿ. ಯಾವುದನ್ನು ಒತ್ತುತ್ತೀರೋ ಆ ದೃಶ್ಯ ನಿಮ್ಮ ವಿಡಿಯೊಗೆ ಸೇರುತ್ತದೆ. ಇಂಥದ್ದು ಬೇಕು, ಇಂಥದ್ದು ಬೇಡ ಎಂಬ ಬೇಡಿಕೆಗಳೂ ಮೊದಲೇ ಬಂದಿರುತ್ತವೆ.

ಚಿತ್ರವಾದರೂ ಚೆನ್ನಾಗಿತ್ತೆ? ಅದೂ ಇಲ್ಲ. ಆ ಯಂತ್ರ ಒಂದು ಸಲಕ್ಕೆ ತೋರಿಸಬಲ್ಲ ಬಣ್ಣಗಳು ಬರೀ 64. ಸಿ.ಡಿ.ಯಿಂದ ಹರಿದುಬರುವ ಮಾಹಿತಿ ಸೆಕೆಂಡಿಗೆ ಸುಮಾರು 150 ಕಿಲೊಬೈಟ್. ಅದರಲ್ಲೇ ಹಾಡು, ಅದರಲ್ಲೇ ಮೂರು ದೃಶ್ಯ! ಚಿತ್ರಗಳು ಅಂಚೆಚೀಟಿಯಂತೆ ಕುಗ್ಗಿ, ರವೆ ಚೆಲ್ಲಿದಂತೆ ಕಾಣುತ್ತಿದ್ದವು. ಅತಿ ಕಳಪೆ ಆಟಗಳ ಪಟ್ಟಿಗಳಲ್ಲಿ ಕ್ರಿಸ್ ಕ್ರಾಸ್ ಹೆಸರು ಇಂದಿಗೂ ಸಿಗುತ್ತದೆ.

ನನಗೇನೋ ಚಿತ್ರದ ಗುಣಮಟ್ಟಕ್ಕಿಂತ ದೊಡ್ಡ ಕೊರತೆ ಬೇರೆಡೆ ಕಾಣುತ್ತದೆ. ಸಿನಿಮಾ ಸಂಕಲನಕಾರ ಒಂದು ದೃಶ್ಯವನ್ನು ಹತ್ತು ಸಲ ಹಿಂದಕ್ಕೆ ಓಡಿಸಿ ನೋಡುತ್ತಾನೆ, ಚೂರು ಕತ್ತರಿಸುತ್ತಾನೆ, ಸರಿಬಾರದಿದ್ದರೆ ಮತ್ತೆ ಜೋಡಿಸುತ್ತಾನೆ. ಈ ಆಟದಲ್ಲಿ ಅದಕ್ಕೆಲ್ಲ ಪುರಸೊತ್ತಿಲ್ಲ. ದಾಟಿಹೋದ ದೃಶ್ಯ ಹೋಯಿತು. ತಾಳಕ್ಕೆ ಸರಿಯಾಗಿ ಅದನ್ನು ಹಿಡಿದು ನಿಲ್ಲಿಸುವಂತಿಲ್ಲ. ಹೆಸರಿಗೆ ಸಂಕಲನವಾದರೂ ಕ್ರಿಕೆಟ್ ನೇರ ಪ್ರಸಾರದಲ್ಲಿ ಯಾವ ಕ್ಯಾಮೆರಾದ ಚಿತ್ರ ಮನೆಗಳಿಗೆ ಹೋಗಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವವರ ಕೆಲಸಕ್ಕೇ ಇದು ಹತ್ತಿರ. ಆ ನಿರ್ದೇಶಕನಿಗೋ ಚೆಂಡು ಎತ್ತ ಹೋದೀತೆಂಬ ಅಂದಾಜಾದರೂ ಇರುತ್ತದೆ!

ಡಿಜಿಟಲ್ ಪಿಕ್ಚರ್ಸ್ 1996ರಲ್ಲಿ ಬಾಗಿಲು ಹಾಕಿತು. ಅದು ಕೊಡಲಾಗದಿದ್ದ ಕತ್ತರಿ ಈಗ ಮಗನ ಮೊಬೈಲಿನಲ್ಲಿದೆ. ಆದರೆ ಚಿತ್ರಗಳನ್ನು ತುಂಬಿಸಿದರೆ ಸಾಕು, ತಾನೇ ತಾಳಕ್ಕೆ ಕತ್ತರಿಸಿಕೊಡುವ ಸಿದ್ಧ ಅಚ್ಚುಗಳೂ ಅದರಲ್ಲೇ ಇವೆ. ಅವನ್ನೇ ಬಳಸಿದರೆ ಹುಡುಗ ಮತ್ತೆ ಮೂರು ಗುಂಡಿಗೇ ಬಂದನೆಂದು ಲೆಕ್ಕ. ಅವನು ಯಾವುದನ್ನು ಮಾಡುತ್ತಿದ್ದಾನೆಂದು ತಿಳಿಯಬೇಕೆ? ಗದರುವ ಮುನ್ನ ಪಕ್ಕದಲ್ಲಿ ಕೂತು, "ಇಲ್ಲೇ ಯಾಕಪ್ಪಾ ಕತ್ತರಿಸಿದೆ?" ಎಂದು ಕೇಳಿ ನೋಡಿ.