ಸಲ್ಯೂಟ್ ಹೊಡೆದರೆ ನಿದ್ದೆ ಬರುವುದೇ?

ನಮ್ಮ ಮಾರೇನಹಳ್ಳಿಯ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದ ಹವಾಲ್ದಾರರೊಬ್ಬರಿದ್ದಾರೆ. ವಯಸ್ಸು ನಲವತ್ತೈದು ದಾಟಿಲ್ಲ. ರಾತ್ರಿ ಒಂದು ಎಟಿಎಂ ಮುಂದೆ ಕಾವಲು ಕೂರುತ್ತಾರೆ. ರಜೆಯ ದಿನವೂ ಅವರಿಗೆ ನಿದ್ದೆಯಿಲ್ಲ. ನಡುರಾತ್ರಿ ಎದ್ದು ಬೀದಿಯ ಒಂದೊಂದೇ ಮನೆಯ ಗೇಟನ್ನು ಎಳೆದು ನೋಡಿ, ಚಿಲಕ ಹಾಕಿದೆಯೆಂದು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತಾರೆ. ಹುಡುಗರು ನಗುತ್ತಾರೆ. ಆಗಸ್ಟ್ ಹದಿನೈದಕ್ಕೆ ಅದೇ ಹುಡುಗರು ಅವರಿಗೆ ಶಾಲು ಹೊದಿಸಿ, ಸಲ್ಯೂಟ್ ಹೊಡೆದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂದು ರಾತ್ರಿಯೂ ಗೇಟಿನ ಸದ್ದು ಕೇಳುತ್ತದೆ.

“ಹವಾ ಸೋಕಿದೆ ಆಪಾ, ಆಮಿಲ್ ಸಾಹೇಬರು ತಾಯಿತ ಕಟ್ಟಿದ್ದಾರೆ” ಎಂದರು ಅವರ ಹೆಂಡತಿ. ಡಾಕ್ಟರಿಗೆ ತೋರಿಸಬಾರದೇ ಎಂದೆ. “ಹುಚ್ಚಾಸ್ಪತ್ರೆಗೆ ಹೋದರೆಂದು ಗೊತ್ತಾದರೆ ಇರುವ ಕೆಲಸವೂ ಹೋಗುತ್ತದೆ. ನಾಳೆ ಮಗಳ ನಿಕಾಹ್ ಆಗಬೇಕಲ್ಲ?”

ಇದು ನಿಮ್ಹಾನ್ಸ್ ಇರುವ ಊರಿನ ಮಾತು! ಕಾಯಿಲೆ ಬಂದರೆ ಮದ್ದು ಮಾಡಿಕೊಳ್ಳಿ ಎಂದ ಪ್ರವಾದಿಯವರ ಸಮುದಾಯ ನಾವು. ಆದರೆ ಮನಸ್ಸಿಗೆ ಕಾಯಿಲೆ ಬಂದರೆ ನಮಗೆ ಮೊದಲು ನೆನಪಾಗುವುದು ತಾಯಿತ.

ಸಮಾಜವನ್ನಷ್ಟೇ ಬೈದು ಸುಮ್ಮನಾಗಲು ಸಾಧ್ಯವಿಲ್ಲ. 2016ರ ನವೆಂಬರ್ 1ರಂದು ನಿವೃತ್ತ ಸುಬೇದಾರ್ ರಾಮ್ ಕಿಶನ್ ಗ್ರೆವಾಲ್ ಸಮಾನ ಶ್ರೇಣಿ ಸಮಾನ ಪಿಂಚಣಿಯ ಹೋರಾಟದ ನಡುವೆ ದೆಹಲಿಯಲ್ಲಿ ಪ್ರಾಣ ಕಳೆದುಕೊಂಡರು. ಅವರ ಮಾನಸಿಕ ಸ್ಥಿತಿ ಹೇಗಿತ್ತೆಂದು ತನಿಖೆಯಾಗಬೇಕು ಎಂದವರು ಅಂದಿನ ಕೇಂದ್ರ ಮಂತ್ರಿ, ಹಿಂದೆ ಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್. ಬದುಕಿದ್ದಾಗ ಕೇಳದ ಪ್ರಶ್ನೆಯನ್ನು ಸತ್ತ ಮೇಲೆ ಕೇಳಿದರೆ ಅದನ್ನು ಕಾಳಜಿ ಎನ್ನುವುದು ಹೇಗೆ?

ಕಾನೂನೇ ಇಲ್ಲವೆಂದಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರಿ ನೆರವಿನ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. 2022ರಲ್ಲಿ ಟೆಲಿ ಮಾನಸ್ ಸಹಾಯವಾಣಿ ಬಂತು. 2023ರಲ್ಲಿ ಸೇನೆಯವರಿಗಾಗಿಯೇ ಪುಣೆಯಲ್ಲಿ ಅದರ ಘಟಕ ತೆರೆಯಿತು. ಒಳ್ಳೆಯದು. ಆದರೆ ಇವೆಲ್ಲ ಕಾಯಿಲೆಯವನೇ ಎದ್ದು ಬಂದು ಬಾಗಿಲು ತಟ್ಟಬೇಕಾದ ವ್ಯವಸ್ಥೆಗಳು. ನೋವು ಹೇಳಿಕೊಳ್ಳುವುದೇ ನಾಚಿಕೆ ಎಂದು ಇಪ್ಪತ್ತು ವರ್ಷ ಕಲಿತವನು ಹೋಗಿ ತಟ್ಟುತ್ತಾನೆಯೇ?

ತಟ್ಟಿದವರ ಪಾಡಾದರೂ ಏನು? ಸೇನೆಗೆ ಸೇರುವಾಗ ಸರಿಯಾಗಿದ್ದು, ಸೇವೆಯಲ್ಲಿ ಸ್ಕಿಜೋಫ್ರೇನಿಯಾ ಎಂದು 1970ರ ದಶಕದಲ್ಲಿ ಹೊರಹಾಕಲ್ಪಟ್ಟ ವೀರಪಾಲ್ ಸಿಂಗ್, ಇನ್ನೊಮ್ಮೆ ವೈದ್ಯಕೀಯ ಮಂಡಳಿ ತಮ್ಮನ್ನು ಪರೀಕ್ಷಿಸಲಿ ಎಂಬ ಆದೇಶ ಪಡೆಯಲು 2013ರವರೆಗೆ, ಅದೂ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಿಂದ ಬಂದದ್ದಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು ಎಂದು ಅದೇ ವರ್ಷ, ಅದೇ ಕೋರ್ಟು ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಗುಂಡು ತಗುಲಿದ ಕಾಲನ್ನು ತೋರಿಸಬಹುದು. ನಿದ್ದೆಗೆಟ್ಟ ರಾತ್ರಿಗಳನ್ನು ಯಾವ ಕಚೇರಿಯ ಮೇಜಿನ ಮೇಲೆ ತಂದಿಡುವುದು?

ಸುಳ್ಳು ಹೇಳಿ ಪಿಂಚಣಿ ಹೊಡೆಯುವವರೂ ಇದ್ದಾರೆ ಎನ್ನುವವರಿದ್ದಾರೆ. ಇರಬಹುದು. ಬೋಗಸ್ ರೇಷನ್ ಕಾರ್ಡುಗಳಿವೆಯೆಂದು ನ್ಯಾಯಬೆಲೆ ಅಂಗಡಿಗೆ ಬೀಗ ಜಡಿಯುತ್ತೇವೆಯೇ?

ಅಮೆರಿಕದ ಯುದ್ಧಗಳು ವಿಯೆಟ್ನಾಮಿಗೆ, ಇರಾಕಿಗೆ, ಅಫ್ಘಾನಿಸ್ತಾನಕ್ಕೆ ಮಾಡಿದ್ದನ್ನು ನಾನು ಮರೆತಿಲ್ಲ. ಆದರೂ ಒಂದು ಮಾತು ಹೇಳಬೇಕು. ವಿಯೆಟ್ನಾಮಿನಿಂದ ಮರಳಿದ ಸೈನಿಕರು ಹಟ ಹಿಡಿದದ್ದರಿಂದಲೂ ಆಘಾತದ ಆ ಕಾಯಿಲೆಗೆ 1980ರಲ್ಲಿ ವೈದ್ಯರ ಪುಸ್ತಕದಲ್ಲಿ ಒಂದು ಹೆಸರು ಸಿಕ್ಕಿತು. ಸೇನೆ ಬಿಟ್ಟ ಮೊದಲ ವರ್ಷವೇ ಅಪಾಯದ ಕಾಲವೆಂದು ಒಪ್ಪಿ, ಆ ವರ್ಷ ಮಾನಸಿಕ ಚಿಕಿತ್ಸೆ ದೊರಕಿಸಲು ಅಲ್ಲಿ 2018ರಲ್ಲಿ ಆದೇಶವಾಯಿತು. 2020ರಲ್ಲಿ ಮಾಜಿ ಸೈನಿಕರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಬಂತು.

ನಾವು ಹೊರಟಿರುವುದು ಎತ್ತ? 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಲ್ಲಿ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಶೇಕಡಾ 25ರವರೆಗೆ ಮಾತ್ರ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಹಿಡಿದು ಮನೆಗೆ. ಯೋಜನೆಯ ಷರತ್ತಿನಲ್ಲಿ ಅವರಿಗೆ ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಹೆಸರೂ ಇಲ್ಲ. ಗಡಿಯಲ್ಲಿ ಕಂಡದ್ದು ಮಾತ್ರ ನಾಲ್ಕು ವರ್ಷಕ್ಕೆ ಮುಗಿಯುವುದಿಲ್ಲ.

ಆದ್ದರಿಂದ ಸಂಸತ್ತು ಒಂದು ಕಾಯ್ದೆ ಮಾಡಲಿ. ಸೇನೆ ಬಿಡುವ ದಿನವೂ, ನಂತರದ ಒಂದು ವರ್ಷದಲ್ಲಿ ಮತ್ತೆ ಮತ್ತೆಯೂ, ಪ್ರತಿಯೊಬ್ಬರಿಗೂ ಮಾನಸಿಕ ತಪಾಸಣೆಯಾಗಲಿ. ಎಲ್ಲರಿಗೂ ಮಾಡಿದರೆ ಯಾರಿಗೂ ಕಳಂಕವಿಲ್ಲ. ಅಗ್ನಿವೀರರಿಗೂ ಚಿಕಿತ್ಸೆ ಸಿಗಲಿ. ಕೋರ್ಟು ಹೇಳಿದ ಸಾಕ್ಷ್ಯದ ಹೊಣೆ ಕಾಯ್ದೆಯಲ್ಲೇ ಬರೆದಿರಲಿ. ಹೆಂಡತಿ ಮಕ್ಕಳನ್ನೂ ಕೂರಿಸಿ ಮಾತಾಡಿಸಲಿ. ಇದು ಆಗದ ಕೆಲಸವೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸಿತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹೋದದ್ದು ಅಲ್ಲಿಂದಲೇ.

ಕಾಯ್ದೆ ಬರುವವರೆಗೆ ನಾವೂ ಸುಮ್ಮನಿರಬೇಕಾಗಿಲ್ಲ. ಕಳೆದ ವಾರ ಆ ಹೆಣ್ಣುಮಗಳಿಗೆ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ತಾಯಿತ ಇರಲಿ, ಅದರ ಜೊತೆಗೆ ಇದೂ ಇರಲಿ ಎಂದೆ. ಅವರು ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು.