ದಸರೆಗೆ ಮುಂಚೆ ಬೈಕಿಗೊಂದು ತಿರುವು

ಮಕ್ಕಳೇ, ದಸರಾ ಹತ್ತಿರ ಬಂತು. ಸಯ್ಯಾಜಿರಾವ್ ರಸ್ತೆಯ ದೀಪ ನೋಡಲು ಮನೆಮಂದಿಯೆಲ್ಲ ಬೈಕು, ಸ್ಕೂಟರು ಹತ್ತುವ ಕಾಲ. ಆದರೆ ನಮ್ಮನೆ ಅಜ್ಜಿ ಮಾತ್ರ, "ನಾನು ಬರೋಲ್ಲಪ್ಪ. ಹೋದ ವರ್ಷ ಒಂದೊಂದು ಹಂಪ್ ಬಂದಾಗಲೂ ಸೊಂಟ ಹಿಡ್ಕೊಳ್ತು" ಎಂದುಬಿಟ್ಟರು.

"ಅಜ್ಜಿ ಇಲ್ದೆ ಎಂಥ ದಸರಾ ತಾತ?" ಎಂದು ಆರನೇ ಕ್ಲಾಸಿನ ಮೊಮ್ಮಗಳು ಮುಖ ಸಣ್ಣ ಮಾಡಿದಳು. ನನಗೂ ನಾಚಿಕೆಯಾಯಿತು. ಬ್ರೇಕು, ಗಾಳಿ ಎಲ್ಲ ನೋಡುವ ನಾನು ಹಿಂದಿನ ಶಾಕ್ ಅಬ್ಸಾರ್ಬರನ್ನು ಕೊಂಡ ದಿನದಿಂದ ಮುಟ್ಟಿರಲಿಲ್ಲ. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕುಗಳನ್ನು ಕಟ್ಟಿದ ಊರಿನವನು ನಾನು!

ಶಾಕ್ ಅಬ್ಸಾರ್ಬರಿನಲ್ಲಿ ಇಬ್ಬರು ಕೆಲಸಗಾರರು. ಸ್ಪ್ರಿಂಗು ಕುಗ್ಗಿ ಪೆಟ್ಟು ತಾಳುತ್ತದೆ. ಒಳಗಿನ ಎಣ್ಣೆ ಆ ಸ್ಪ್ರಿಂಗು ಚೆಂಡಿನಂತೆ ಪುಟಿಯದಂತೆ ತಡೆಯುತ್ತದೆ. ಇಬ್ಬರು ಕೂತರೆ ಸ್ಪ್ರಿಂಗು ಮೊದಲೇ ಬಹಳ ಕುಗ್ಗಿರುತ್ತದೆ. ಆಮೇಲೆ ಹಂಪ್ ಬಂದರೆ ಇನ್ನೂ ಕುಗ್ಗಲು ಜಾಗವಿಲ್ಲದೆ 'ಧಡ್' ಎನ್ನುತ್ತದೆ. ಅಜ್ಜಿಯ ಸೊಂಟಕ್ಕೆ ಬಿದ್ದದ್ದು ಆ ಪೆಟ್ಟು. ಬಾಲ ತಗ್ಗಿದರೆ ಹೆಡ್‌ಲೈಟೂ ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಟಾಂಗಾ ಹತ್ತಿದ ಹಿರಿಯರಿಗೆ ನೆನಪಿರಬಹುದು. "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ" ಎಂದು ಭಾರ ಸರಿದೂಗಿಸಿಕೊಂಡೇ ಗಾಡಿಯವನು ಹೊರಡುತ್ತಿದ್ದ.

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿದೆ. ಹಿಂದಿನ ಚಕ್ರ ನೆಲ ಬಿಟ್ಟಿತು. ಚಕ್ರದ ನಡುವಿನ ನಟ್ಟಿನಿಂದ ನೇರ ಮೇಲಿನ ಒಂದು ಗುರುತಿಗೆ ಮೊಮ್ಮಗಳು ಟೇಪು ಹಿಡಿದು ಬರೆದುಕೊಂಡಳು. ಸ್ಟ್ಯಾಂಡ್ ತೆಗೆದು ನಾನೂ ಅಜ್ಜಿಯೂ ಕೂತೆವು. ಮಗ ಬೈಕು ಹಿಡಿದುಕೊಂಡ. ಮತ್ತೆ ಅಳೆದಳು. "ಆರು ಸೆಂಟಿಮೀಟರ್ ಕುಗ್ಗಿದೆ ತಾತ!"

ಸ್ಪ್ರಿಂಗಿನ ಬುಡದಲ್ಲಿ ಐದು ಮೆಟ್ಟಿಲಿನ ಒಂದು ಬಳೆ ಇದೆ. ಕೊಕ್ಕೆಯಂಥ ಸ್ಪ್ಯಾನರಿನಿಂದ ಮಗ ಅದನ್ನು ಎರಡು ಮೆಟ್ಟಿಲು ಏರಿಸಿದ. ಸ್ಪ್ರಿಂಗು ಮುಂಚೆಯೇ ಅಷ್ಟು ಅದುಮಿಕೊಂಡಿತು. ಈಗ ಕುಗ್ಗಿದ್ದು ಐದೇ ಸೆಂಟಿಮೀಟರ್. ಹಂಪಿಗೆಂದು ಒಂದು ಸೆಂಟಿಮೀಟರ್ ಜಾಗ ಉಳಿಯಿತು.

ಕೆನಡಾದಂಥ ಹಿಮದ ನಾಡಿನಲ್ಲಿ ಸ್ನೋಮೊಬೈಲ್ ಎಂಬ ಗಾಡಿ ಇದೆ. ಮುಂದೆ ಜಾರುಪಟ್ಟಿ, ಹಿಂದೆ ಸುತ್ತುವ ರಬ್ಬರ್ ಪಟ್ಟಿ. ಹಿಮ ಬೀಳುವ ಮುಂಚೆ ಅಲ್ಲಿನ ಸವಾರರೂ ಹೀಗೇ ಕೂತು, ಅಳೆದು, ಸ್ಪ್ರಿಂಗು ಸರಿಮಾಡಿಕೊಳ್ಳುತ್ತಾರೆ.

ಕೆಲವು ಎಚ್ಚರಿಕೆ. ಬಳೆ ತಿರುಗಿಸುವುದು ದೊಡ್ಡವರ ಕೆಲಸ, ಅಳೆಯುವುದು ನಿಮ್ಮದು. ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಲಿ. ಬಾಲ ಅದುಮಿ ಬಿಟ್ಟಾಗ ಬೈಕು ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ, ಅಥವಾ ಎಣ್ಣೆ ಜಿನುಗಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಒಬ್ಬರೇ ಓಡಿಸುವಾಗ ಬಳೆ ಮತ್ತೆ ಇಳಿಸಿ, ಇಲ್ಲದಿದ್ದರೆ ಎತ್ತಿ ಹಾಕುತ್ತದೆ. ಸ್ಪ್ರಿಂಗು ಬಿಗಿ ಮಾಡಿದ್ದು ಮೂವರು ಕೂರಲಿಕ್ಕಲ್ಲ. ಹೆಲ್ಮೆಟ್ ಮರೆಯಬೇಡಿ.

ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ನಮ್ಮ ಬೀದಿಯ ಹಂಪ್ ದಾಟಿದೆ. ಇಳಿದವರು ಸೊಂಟ ಮುಟ್ಟಿ ನೋಡಿಕೊಂಡರು.

"ಹಂಪ್ ಬಂದಿದ್ದು ಗೊತ್ತಾಯ್ತು. ಆದ್ರೆ ಸೊಂಟ ಏನೂ ಅನ್ನಲಿಲ್ಲ. ನೀವೂ ಈ ಸಲ ನಿಧಾನ ಮಾಡಿದ್ರಿ ಬಿಡಿ!"

ಅದೂ ನಿಜವೇ. ಮೊಮ್ಮಗಳು ಅಪ್ಪನ ಸ್ಕೂಟರಿನಲ್ಲಿ, ಅಜ್ಜಿ ನನ್ನ ಹಿಂದೆ. ಈ ಸಲದ ದೀಪ ನಾಲ್ವರೂ ನೋಡುತ್ತೇವೆ. ಭಾನುವಾರ ನಿಮ್ಮ ಮನೆಯಲ್ಲೂ ಟೇಪು ಹಿಡಿಯಿರಿ.