ಓದದೆ ಕೊಟ್ಟ ಒಪ್ಪಿಗೆ

ತಂತ್ರಾಂಶ ಬರೆಯುವ ಕಸುಬಿನಲ್ಲಿ ಈಚೆಗೆ ಹೊಸದೊಂದು ವಾಡಿಕೆ ಬೇರೂರಿದೆ. ಗಣಕಯಂತ್ರಕ್ಕೆ ಆದೇಶಗಳನ್ನು ಅಕ್ಷರರೂಪದಲ್ಲಿ ಕೊಡುವ ಟರ್ಮಿನಲ್ ಎಂಬ ಹಳೆಯ ಪರದೆಯಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕವೊಂದನ್ನು ಕೂರಿಸಿಕೊಳ್ಳುವುದು. ಬೇಕಾದುದನ್ನು ಆಡುಮಾತಿನಲ್ಲೇ ಹೇಳುವುದು. ಸಹಾಯಕವು ಕಡತಗಳನ್ನು ಓದುತ್ತದೆ, ತಿದ್ದುತ್ತದೆ, ಆದೇಶಗಳನ್ನು ತಾನೇ ರಚಿಸಿ ಚಲಾಯಿಸುತ್ತದೆ. 2023ರಲ್ಲಿ ಬಂದ ಏಡರ್, 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ ಕೋಡೆಕ್ಸ್ ಸಿಎಲ್‌ಐ, ಅದೇ ವರ್ಷದ ಜೂನ್‌ನಲ್ಲಿ ಗೂಗಲ್ ಹೊರತಂದ ಜೆಮಿನಿ ಸಿಎಲ್‌ಐ ಇವು ಮೂರೂ ಅಪಾಚೆ 2.0 ಪರವಾನಗಿಯಡಿ ಬಂದ ಮುಕ್ತ ತಂತ್ರಾಂಶಗಳು. ಇವುಗಳ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಈ ಔದಾರ್ಯ ಶ್ಲಾಘನೀಯವೇ ಸರಿ. ಆದರೆ ಅದರ ನೆರಳಿನಲ್ಲಿ ಬೆಳೆಯುತ್ತಿರುವ ಒಂದು ಅಭ್ಯಾಸ ಮಾತ್ರ ಖಂಡನಾರ್ಹ.

ಈ ಸಹಾಯಕಗಳು ಹಾನಿಯಾಗಬಹುದಾದ ಆದೇಶವನ್ನು ಚಲಾಯಿಸುವ ಮುನ್ನ ಬಳಕೆದಾರನನ್ನು ಕೇಳುತ್ತವೆ: 'ಇದನ್ನು ಮಾಡಲೇ?' ಹಾಗೆ ಕೇಳದಂತೆ ಬಾಯಿ ಮುಚ್ಚಿಸುವ ಉಪಾಯವನ್ನೂ ರಚಿಸಿದವರೇ ಇರಿಸಿದ್ದಾರೆ. ಏಡರ್‌ನಲ್ಲಿ ಅದರ ಹೆಸರು 'ಯೆಸ್ ಆಲ್ವೇಸ್', ಎಂದರೆ ಎಲ್ಲದಕ್ಕೂ ಹೌದು. ಕೋಡೆಕ್ಸ್‌ನಲ್ಲಿ ಒಪ್ಪಿಗೆಯನ್ನೂ ರಕ್ಷಾಕವಚವನ್ನೂ ಬದಿಗೊತ್ತುವ ಆಯ್ಕೆಯ ಹೆಸರಿನಲ್ಲೇ 'ಅಪಾಯಕರ' ಎಂಬ ಮಾತಿದೆ. ಜೆಮಿನಿಯಲ್ಲಿ ಅದು 'ಯೋಲೋ'. ಬದುಕುವುದು ಒಂದೇ ಸಲ ಎಂಬ ಇಂಗ್ಲಿಷ್ ಗಾದೆಯ ಮೊದಲಕ್ಷರಗಳು. (ಈ ಪತ್ರಿಕೆಯ ಓದುಗರಿಗೆ ಆ ಸಿದ್ಧಾಂತದ ಬಗ್ಗೆ ಬೇರೆ ಹೇಳಬೇಕಿಲ್ಲ.) ಪದೇ ಪದೇ ಕೇಳಿಸಿಕೊಂಡು ಬೇಸತ್ತವರು ಈ ಆಯ್ಕೆಯನ್ನು ಒತ್ತಿ, ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿದೆ: 'ಇದು ಮುಕ್ತ ತಂತ್ರಾಂಶ, ಸಾವಿರಾರು ಕಣ್ಣುಗಳು ನೋಡಿವೆ.' ಆ ಕಣ್ಣುಗಳು ನೋಡಿದ್ದಾದರೂ ಏನನ್ನು? ಅಂಗಡಿಯ ಗುಮಾಸ್ತ ಪಾಲಿಸಬೇಕಾದ ನಿಯಮಗಳ ಪುಸ್ತಕವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ, ಇಂದು ಸಂಜೆ ಅವನು ಬರೆದ ಹುಂಡಿಯನ್ನು ಊರೆಲ್ಲ ಪರೀಕ್ಷಿಸಿದಂತಾಯಿತೇ? ಮುಕ್ತವಾಗಿರುವುದು ಸಹಾಯಕದ ಹೊರ ಚೌಕಟ್ಟು. ಅದರೊಳಗೆ ಯೋಚಿಸುವ ಮಾದರಿಯು ಬಹುಪಾಲು ಬಳಕೆಯಲ್ಲಿ ಯಾವುದೋ ಕಂಪನಿಯ ದೂರದ ಯಂತ್ರಗಳಲ್ಲಿರುತ್ತದೆ. ಅದು ಈ ಕ್ಷಣ ಸೂಚಿಸಿದ ಆದೇಶವು ಈ ಕ್ಷಣವೇ ಹುಟ್ಟಿದ್ದು. ಅದನ್ನು ನೋಡಬಲ್ಲ ಕಣ್ಣು ಜಗತ್ತಿನಲ್ಲಿ ಒಂದೇ, ಪರದೆಯ ಮುಂದೆ ಕುಳಿತವನದು. ಅದೂ ಮುಚ್ಚಿದರೆ?

ಚೌಕಟ್ಟಿನ ವಿಷಯದಲ್ಲೂ 'ಸಾವಿರಾರು ಕಣ್ಣು' ಎಂಬುದು ಎಷ್ಟು ನಿಜ? ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ಎಕ್ಸ್‌ಜೆಡ್ ಎಂಬ ಮುಕ್ತ ತಂತ್ರಾಂಶಕ್ಕೆ, ವರ್ಷಗಟ್ಟಲೆ ವಿಶ್ವಾಸ ಗಳಿಸಿಕೊಂಡಿದ್ದ ಸಹಕರ್ತನೇ ಕಳ್ಳಬಾಗಿಲು ಇರಿಸಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಒಬ್ಬ ಎಂಜಿನಿಯರ್. ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರು ಬೆನ್ನುಹತ್ತಿ ಹೋದರು. ಆ ದಿನ ಕಾಪಾಡಿದ್ದು ತೆರೆದ ಬಾಗಿಲಲ್ಲ, ಒಳಹೊಕ್ಕು ನೋಡಿದ ಒಬ್ಬನ ಎಚ್ಚರ.

ಇನ್ನೂ ಹತ್ತಿರದ ಉದಾಹರಣೆ ಜೆಮಿನಿ ಸಿಎಲ್‌ಐಯದೇ. ಅದು ಬಿಡುಗಡೆಯಾದ ಎರಡೇ ದಿನಗಳಲ್ಲಿ ಟ್ರೇಸ್‌ಬಿಟ್ ಎಂಬ ಭದ್ರತಾ ಸಂಸ್ಥೆಯವರು ಅದರಲ್ಲಿ ದೋಷವೊಂದನ್ನು ಕಂಡುಹಿಡಿದರು. ಯೋಜನೆಯೊಂದರ ರೀಡ್‌ಮಿ ಎಂಬ ಪರಿಚಯ ಕಡತದಲ್ಲಿ ಗುಪ್ತ ಸೂಚನೆಗಳನ್ನು ಹುದುಗಿಸಬಹುದಾಗಿತ್ತು. ಸಹಾಯಕವು ಅವನ್ನು ಯಜಮಾನನ ಮಾತೆಂದೇ ಪಾಲಿಸುತ್ತಿತ್ತು. ಪದ ಹುಡುಕುವ 'ಗ್ರೆಪ್' ಎಂಬ ನಿರುಪದ್ರವಿ ಆದೇಶಕ್ಕೆ ಬಳಕೆದಾರನು ಒಮ್ಮೆ 'ಇನ್ನು ಮುಂದೆ ಕೇಳಬೇಡ' ಎಂದು ಒಪ್ಪಿಗೆ ಕೊಟ್ಟರೆ ಸಾಕು, ಮುಂದೆ ಅದೇ ಪದದಿಂದ ಆರಂಭವಾಗಿ ಬಾಲದಲ್ಲಿ ವಿಷ ಕಟ್ಟಿಕೊಂಡ ಆದೇಶವು ಕೇಳದೆಯೇ ನಡೆದು, ಯಂತ್ರದೊಳಗಿನ ಗುಟ್ಟಿನ ಕೀಲಿಪದಗಳನ್ನು ಹೊರಗೆ ರವಾನಿಸಬಲ್ಲುದಾಗಿತ್ತು. ಗೂಗಲ್ 2025ರ ಜುಲೈನಲ್ಲಿ ಇದನ್ನು ಸರಿಪಡಿಸಿತು. ಆ ಸೂಚನೆಗಳನ್ನು ಪರೀಕ್ಷಕರು ಅಡಗಿಸಿದ್ದು ಎಲ್ಲಿ? ಮುಕ್ತ ತಂತ್ರಾಂಶದ ಪರವಾನಗಿಯ ಉದ್ದನೆಯ ಪಠ್ಯದ ನಡುವೆ. ಅದನ್ನು ಯಾರೂ ಓದುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು!

'ತಪ್ಪಾದರೆ ಹಿಂದಕ್ಕೆ ತರಬಹುದು, ಗಿಟ್ ಇದೆ' ಎಂಬುದು ಇನ್ನೊಂದು ಸಮಾಧಾನ. ಏಡರ್ ತಾನು ಮಾಡಿದ ಪ್ರತಿ ತಿದ್ದುಪಡಿಯನ್ನೂ ಗಿಟ್‌ನಲ್ಲಿ ದಾಖಲಿಸುತ್ತದೆ, ರೋಕಡ ಪುಸ್ತಕದಲ್ಲಿ ಬರೆದಿಟ್ಟಂತೆ. ಒಳ್ಳೆಯದೇ. ಆದರೆ ಆ ಪುಸ್ತಕದಲ್ಲಿ ನಮೂದಾಗದ ಕಡತ ಅಳಿದರೆ ಅದು ಮರಳುವುದಿಲ್ಲ; ಹೊರಗೆ ಹೋದ ಗುಟ್ಟು ಯಾವ ಪುಸ್ತಕ ತಿರುವಿದರೂ ಒಳಗೆ ಬರುವುದಿಲ್ಲ.

ಬಸದಿಯ ಟ್ರಸ್ಟಿಗೆ ಕಾಣಿಕೆಯ ರಸೀದಿ ಬರೆಯುವ ತಂತ್ರಾಂಶವನ್ನು ತರುಣನೊಬ್ಬ ಈ ಬಗೆಯಲ್ಲಿ ಸಿದ್ಧಪಡಿಸಿಕೊಟ್ಟನೆಂದು ಭಾವಿಸೋಣ. ದಾನಿಗಳ ಹೆಸರು, ವಿಳಾಸ, ಮೊತ್ತ ಅಳಿದುಹೋದರೆ ಅಥವಾ ಪರರ ಕೈಸೇರಿದರೆ, 'ಯಂತ್ರ ಹಾಗೆ ಮಾಡಿತು' ಎಂಬ ಉತ್ತರವನ್ನು ವಾರ್ಷಿಕ ಸಭೆಯಲ್ಲಿ ಯಾರು ಒಪ್ಪಿಯಾರು? ಅಪಾಚೆ ಪರವಾನಗಿಯು ಯಾವ ಖಾತರಿಯನ್ನೂ ಕೊಡುವುದಿಲ್ಲವೆಂದು ಸ್ಪಷ್ಟವಾಗಿ ಸಾರಿದೆ. ರಚಿಸಿದವರು ಅಲ್ಲಿಗೆ ಕೈತೊಳೆದುಕೊಂಡಂತಾಯಿತು. ಯಂತ್ರಕ್ಕೆ ಹೊಣೆಯ ಅರಿವಿಲ್ಲ. ಮಾಡಿದವನು, ಮಾಡಿಸಿದವನು, ಒಪ್ಪಿದವನು ಎಂಬ ಮೂವರಲ್ಲಿ ಇಲ್ಲಿ ಎರಡನೆಯವನೂ ಮೂರನೆಯವನೂ ಅದೇ ತರುಣನೇ. ಓದದೆ ರುಜು ಹಾಕಿದ ಚೆಕ್ಕು ಓದಿ ರುಜು ಹಾಕಿದ ಚೆಕ್ಕಿನಷ್ಟೇ ಹಣವನ್ನು ಖಾತೆಯಿಂದ ತೆಗೆಯುತ್ತದೆ.

ಪ್ರತಿಯೊಂದಕ್ಕೂ ಒಪ್ಪಿಗೆ ಕೇಳಿದರೆ ಬೇಸರದಿಂದ ಕಣ್ಣುಮುಚ್ಚಿ ಒತ್ತುವುದೇ ರೂಢಿಯಾದೀತು ಎಂಬ ವಾದದಲ್ಲಿ ತಿರುಳಿದೆ. ಅದಕ್ಕೆ ಪರಿಹಾರ ಕೇಳುವವನ ಬಾಯಿ ಹೊಲಿಯುವುದಲ್ಲ, ಅವನು ಓಡಾಡುವ ಕೋಣೆಯನ್ನು ಕಿರಿದುಗೊಳಿಸುವುದು. ನಿಜವಾದ ದತ್ತಾಂಶವಿಲ್ಲದ, ಗುಟ್ಟಿನ ಕೀಲಿಪದಗಳಿಲ್ಲದ, ಹೊರಜಾಲದ ಸಂಪರ್ಕಕ್ಕೆ ಮಿತಿಯಿರುವ ಪ್ರತ್ಯೇಕ ಆವರಣದಲ್ಲಿ ಪ್ರತಿಯೊಂದನ್ನು ಇಟ್ಟು ಕೆಲಸ ಮಾಡಿಸಿದರೆ ಪ್ರಶ್ನೆಗಳೂ ತಗ್ಗುತ್ತವೆ, ಹಾನಿಯ ವ್ಯಾಪ್ತಿಯೂ ತಗ್ಗುತ್ತದೆ. ಅಲ್ಲಿಂದ ಹೊರಬರುವ ತಿದ್ದುಪಡಿಗಳನ್ನು ಮಾತ್ರ ಮನುಷ್ಯನೊಬ್ಬ ಸಾಲುಸಾಲಾಗಿ ಓದಲೇಬೇಕು. ತಂತ್ರಾಂಶವನ್ನು ಸ್ವೀಕರಿಸುವ ಟ್ರಸ್ಟಿನವರು ಬೆಲೆ ಕೇಳುವ ಮೊದಲು ಹಾಗೆ ಓದಿದವನ ಹೆಸರನ್ನೂ, ಕೆಲಸ ನಡೆದಾಗ ದಾನಿಗಳ ಪಟ್ಟಿ ಆ ಯಂತ್ರದಲ್ಲಿತ್ತೇ ಎಂಬುದನ್ನೂ ಲಿಖಿತವಾಗಿ ಕೇಳಿ ಪಡೆಯಲಿ.